ಸಿಬ್ಬಂದಿಯ ಔಷಧದ ಬಿಲ್ ಇಳಿಸಲು ಯಾವ ದಾರಿ? ಅಮೆರಿಕದಲ್ಲಿ ಸಣ್ಣ ಕಂಪನಿ ನಡೆಸುವವರಿಗೆ ಒಂದು ಹೋಲಿಕೆ

2025ರ ಜನವರಿಯ ಎರಡನೇ ವಾರ. ನಮ್ಮಲ್ಲಿ ಅಕೌಂಟ್ಸ್ ನೋಡಿಕೊಳ್ಳುವ ಸಹೋದ್ಯೋಗಿ ಊಟದ ಬಿಡುವಿನಲ್ಲಿ ಫಾರ್ಮಸಿಗೆ ಹೋಗಿ ಬರಿಗೈಯಲ್ಲಿ ವಾಪಸ್ ಬಂದರು. ಅವರಿಗೆ ಆಸ್ತಮಾ ಇದೆ. ಡಿಸೆಂಬರ್‌ನಲ್ಲಿ 40 ಡಾಲರ್ ಕೊಟ್ಟು ತಂದಿದ್ದ ಇನ್ಹೇಲರ್‌ಗೆ ಜನವರಿಯಲ್ಲಿ ಕೌಂಟರ್‌ನಲ್ಲಿ 300ಕ್ಕೂ ಜಾಸ್ತಿ ಕೇಳಿದ್ದರು. 'ಸಂಬಳ ಬರಲಿ, ಆಮೇಲೆ ತಗೊಳ್ತೀನಿ' ಅಂತ ಹೇಳಿ ಕೆಲಸಕ್ಕೆ ಕೂತರು. ಮೇಜಿನ ಮೇಲಿದ್ದ ಹಳೇ ಇನ್ಹೇಲರ್‌ನ ಪುಟ್ಟ ಕಿಂಡಿಯಲ್ಲಿ 6 ಅನ್ನುವ ಅಂಕಿ ಕಾಣುತ್ತಿತ್ತು. ದಿನಕ್ಕೆ ಎರಡು ಸಲ ಎಳೆದುಕೊಳ್ಳುವ ಔಷಧ ಅದು. ಅಂದರೆ ಮೂರು ದಿನಕ್ಕೆ ಸಾಕು. ಸಂಬಳಕ್ಕೆ ಇನ್ನೂ ಎಂಟು ದಿನ ಇತ್ತು.

ತಪ್ಪು ನನ್ನದು. ಹಿಂದಿನ ನವೆಂಬರ್‌ನಲ್ಲಿ ಪ್ರೀಮಿಯಂ ಏರಿತ್ತು. ಬ್ರೋಕರ್ ಮೂರು ಪ್ಲಾನ್ ತೋರಿಸಿದಾಗ ಕಡಿಮೆ ಪ್ರೀಮಿಯಂ ಇರುವುದನ್ನು ಆರಿಸಿದೆ. ಎಲ್ಲರಿಗೂ ಉಳಿತಾಯ ಆಯಿತು ಅಂದುಕೊಂಡೆ. ಆದರೆ ಆ ಉಳಿತಾಯದ ದುಡ್ಡು ಬಂದದ್ದು ಎಲ್ಲಿಂದ? ಔಷಧ ಬೇಕಾದವರ ಜೇಬಿನಿಂದ.

ಅಲ್ಲಿಂದ ಮುಂದೆ ಯಾರು ಯಾವ ಉಳಿತಾಯದ ಮಾತು ಹೇಳಿದರೂ ನಾನು ಮೊದಲು ಕೇಳುವುದು ಒಂದೇ: ಕೌಂಟರ್ ಮುಂದೆ ನಿಂತವರು ಕೊಡುವ ದುಡ್ಡು ಇದರಿಂದ ಇಳಿಯುತ್ತಾ? ಕೆಳಗಿನ ದಾರಿಗಳನ್ನೆಲ್ಲ ನಾನು ಇದೇ ಪ್ರಶ್ನೆ ಇಟ್ಟುಕೊಂಡು ಹೋಲಿಸಿದ್ದೇನೆ.

ಮೊದಲು ತಿಳಿದುಕೊಳ್ಳಿ: ನಿಮ್ಮ ಕೈಯಲ್ಲಿ ಎಷ್ಟಿದೆ?

ಅಮೆರಿಕದಲ್ಲಿ ಕಂಪನಿಗಳ ಆರೋಗ್ಯ ವಿಮೆ ಎರಡು ಬಗೆ. ಒಂದರಲ್ಲಿ ನೀವು ಇನ್ಶುರೆನ್ಸ್ ಕಂಪನಿಗೆ ಪ್ರೀಮಿಯಂ ಕಟ್ಟುತ್ತೀರಿ, ಖರ್ಚಿನ ಹೊಣೆ ಅವರದು. ಇನ್ನೊಂದರಲ್ಲಿ ಖರ್ಚನ್ನು ಕಂಪನಿಯೇ ಭರಿಸುತ್ತದೆ, ಇನ್ಶುರೆನ್ಸ್‌ನವರು ಕಾಗದಪತ್ರ ಮಾತ್ರ ನೋಡಿಕೊಳ್ಳುತ್ತಾರೆ. ಇದಕ್ಕೆ ಸೆಲ್ಫ್ ಫಂಡೆಡ್ ಅನ್ನುತ್ತಾರೆ. ದೊಡ್ಡ ಕಂಪನಿಗಳು ಹೆಚ್ಚಾಗಿ ಎರಡನೇ ಬಗೆ, ಇಪ್ಪತ್ತು ಮೂವತ್ತು ಜನರ ಕಂಪನಿಗಳು ಹೆಚ್ಚಾಗಿ ಮೊದಲನೇ ಬಗೆ.

ಇದು ಯಾಕೆ ಮುಖ್ಯ ಅಂದರೆ, ಔಷಧದ ದರ ನಿರ್ಧಾರದಲ್ಲಿ ನಡುವೆ ಪಿಬಿಎಂ (ಫಾರ್ಮಸಿ ಬೆನಿಫಿಟ್ ಮ್ಯಾನೇಜರ್) ಅನ್ನುವ ಮಧ್ಯವರ್ತಿ ಸಂಸ್ಥೆಯವರು ಇರುತ್ತಾರೆ. ಯಾವ ಔಷಧಕ್ಕೆ ವಿಮೆ ಸಿಗಬೇಕು, ಫಾರ್ಮಸಿಗೆ ಎಷ್ಟು ಕೊಡಬೇಕು, ತಯಾರಕರಿಂದ ಎಷ್ಟು ರಿಬೇಟ್ (ಮಾರಾಟದ ಆಮೇಲೆ ವಾಪಸ್ ಕೊಡುವ ರಿಯಾಯಿತಿ) ಪಡೆಯಬೇಕು, ಎಲ್ಲ ಅವರ ವ್ಯವಹಾರ. ಸಿವಿಎಸ್ ಕೇರ್‌ಮಾರ್ಕ್, ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸ್, ಆಪ್ಟಮ್ ಆರ್‌ಎಕ್ಸ್, ಈ ಮೂರೇ ಸಂಸ್ಥೆಗಳ ಕೈಯಲ್ಲಿ ದೇಶದ ಸುಮಾರು 80% ಪ್ರಿಸ್ಕ್ರಿಪ್ಶನ್ ಕ್ಲೇಮ್‌ಗಳು ಹಾದುಹೋಗುತ್ತವೆ. 'ಪಿಬಿಎಂ ಬದಲಿಸಿ, ಒಪ್ಪಂದ ತಿದ್ದಿಸಿ' ಅನ್ನುವ ಸಲಹೆ ಎಲ್ಲ ಕಡೆ ಓದಲು ಸಿಗುತ್ತದೆ. ಪ್ರೀಮಿಯಂ ಕಟ್ಟುವ ಸಣ್ಣ ಕಂಪನಿಗೆ ಆ ಹಿಡಿತವೇ ಇಲ್ಲ. ನಿಮ್ಮ ಕೈಯಲ್ಲಿರುವುದು ಯಾವ ಪ್ಲಾನ್, ಅದರ ಪಕ್ಕಕ್ಕೆ ಯಾವ ಖಾತೆ, ಜನರಿಗೆ ಯಾವ ಮಾಹಿತಿ, ಈ ಮೂರು. ಅದೇ ಸಾಕಷ್ಟಾಯಿತು.

ಪ್ಲಾನ್: ಕೋಪೇ ಇರುವುದೋ, ಡಿಡಕ್ಟಬಲ್ ಜಾಸ್ತಿ ಇರುವುದೋ?

ಕೋಪೇ ಅಂದರೆ ಔಷಧ ಕೊಳ್ಳುವಾಗ ಪ್ರತಿ ಸಲ ಕೊಡುವ ನಿಗದಿತ ಮೊತ್ತ. ಡಿಡಕ್ಟಬಲ್ ಅಂದರೆ ವಿಮೆ ಕೊಡಲು ಶುರು ಮಾಡುವ ಮೊದಲು ಆ ವರ್ಷ ಕೈಯಿಂದ ಭರಿಸಬೇಕಾದ ಮೊತ್ತ. ಕೋಪೇ ಪ್ಲಾನ್‌ನಲ್ಲಿ ಲೆಕ್ಕ ಸುಲಭ. ಜನರಿಕ್‌ಗೆ ಇಷ್ಟು, ಬ್ರ್ಯಾಂಡ್‌ಗೆ ಇಷ್ಟು ಅಂತ ಮೊದಲೇ ಗೊತ್ತಿರುತ್ತದೆ. ಜನವರಿಯೂ ಒಂದೇ, ಡಿಸೆಂಬರೂ ಒಂದೇ. ಆದರೆ ಪ್ರೀಮಿಯಂ ಜಾಸ್ತಿ. ಎಲ್ಲ ಕೋಪೇ ಪ್ಲಾನ್‌ಗಳೂ ಹೀಗೇ ಇರುವುದಿಲ್ಲ, ಕೆಲವರು ಔಷಧಕ್ಕೇ ಬೇರೆ ಡಿಡಕ್ಟಬಲ್ ಇಡುತ್ತಾರೆ. ಸಾರಾಂಶದ ಹಾಳೆಯಲ್ಲಿ ಆ ಸಾಲು ಹುಡುಕಿ ನೋಡಿ.

ಹೈ ಡಿಡಕ್ಟಬಲ್ ಪ್ಲಾನ್‌ನಲ್ಲಿ ಪ್ರೀಮಿಯಂ ಕಡಿಮೆ. ಎಚ್‌ಎಸ್‌ಎ (ವೈದ್ಯಕೀಯ ಖರ್ಚಿಗೆ ತೆರಿಗೆ ಇಲ್ಲದೆ ದುಡ್ಡು ಕೂಡಿಡುವ) ಖಾತೆಗೆ ಅರ್ಹವಾಗಬೇಕಾದರೆ 2026ರಲ್ಲಿ ಡಿಡಕ್ಟಬಲ್ ಒಬ್ಬರಿಗೆ ಕನಿಷ್ಠ 1,700 ಡಾಲರ್, ಕುಟುಂಬಕ್ಕೆ 3,400 ಇರಬೇಕು. ಅಷ್ಟು ಖರ್ಚಾಗುವ ತನಕ ಹೆಚ್ಚಿನ ಔಷಧಗಳಿಗೆ ಪೂರ್ತಿ ದುಡ್ಡು ಸಿಬ್ಬಂದಿಯದೇ. ಇಲ್ಲಿ ಇನ್ನೊಂದು ಅನ್ಯಾಯ ಅಡಗಿದೆ. ಬ್ರ್ಯಾಂಡ್ ಔಷಧದ ಮೇಲೆ ತಯಾರಕರು ಕೊಡುವ ರಿಬೇಟ್ ಸಾಮಾನ್ಯವಾಗಿ ಆಮೇಲೆ ಪಿಬಿಎಂಗೋ, ಇನ್ಶುರೆನ್ಸ್‌ಗೋ, ಕಂಪನಿಗೋ ಹೋಗುತ್ತದೆ. ಕೌಂಟರ್‌ನಲ್ಲಿ ನಿಂತವರು ಕೊಡುವುದು ರಿಬೇಟ್ ಕಳೆಯುವ ಮುಂಚಿನ ದರ. ಅಂದರೆ ಕಾಯಿಲೆ ಇರುವವರು ಪೂರ್ತಿ ದರ ಕೊಟ್ಟು, ಕಾಯಿಲೆ ಇಲ್ಲದವರ ಪ್ರೀಮಿಯಂ ಇಳಿಸುತ್ತಾರೆ. ನನಗೆ ಇದು ತಿಳಿದ ದಿನ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ರಿಬೇಟನ್ನು ಕೌಂಟರ್‌ನಲ್ಲೇ ಕಳೆಯುವ ಪ್ಲಾನ್‌ಗಳೂ ಇವೆ. ಬ್ರೋಕರ್ ಹತ್ತಿರ ಕೇಳಿ.

ಹಾಗಂತ ಹೈ ಡಿಡಕ್ಟಬಲ್ ಪ್ಲಾನ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಅದರೊಳಗೆ ಹೆಚ್ಚಿನವರು ನೋಡದ ಒಂದು ಬಾಗಿಲಿದೆ. 2019ರಲ್ಲಿ ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ಒಂದು ಸುತ್ತೋಲೆ ಹೊರಡಿಸಿತು. ದೀರ್ಘಕಾಲದ ಕಾಯಿಲೆಗಳ ಕೆಲವು ಔಷಧಗಳನ್ನು 'ಮುನ್ನೆಚ್ಚರಿಕೆ' ಅಂತ ಪರಿಗಣಿಸಿ, ಡಿಡಕ್ಟಬಲ್ ಮುಗಿಯುವ ಮೊದಲೇ ಪ್ಲಾನ್ ಅವುಗಳ ಖರ್ಚು ಕೊಡಬಹುದು ಅಂತ ಅದು ಹೇಳಿತು. ಹಾಗೆ ಮಾಡಿದರೆ ಎಚ್‌ಎಸ್‌ಎ ಅರ್ಹತೆಗೆ ಏನೂ ತೊಂದರೆ ಇಲ್ಲ. ಆ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆಗಳು, ಇನ್ಸುಲಿನ್, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್, ಹೃದಯದ ಕಾಯಿಲೆಗೆ ಕೊಡುವ ಬೀಟಾ ಬ್ಲಾಕರ್, ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆಗಳು ಇವೆ. ಆಸ್ತಮಾದವರ ಸ್ಟಿರಾಯ್ಡ್ ಇನ್ಹೇಲರ್ ಕೂಡ ಇದೆ.

ಆದರೆ ಐಆರ್‌ಎಸ್ 'ಕೊಡಬಹುದು' ಅಂದಿದೆಯೇ ಹೊರತು 'ಕೊಡಲೇಬೇಕು' ಅಂದಿಲ್ಲ. ಒಂದು ಪ್ಲಾನ್ ಈ ಪಟ್ಟಿಯನ್ನು ಪೂರ್ತಿ ಸೇರಿಸಿರುತ್ತದೆ, ಇನ್ನೊಂದು ಅರ್ಧ, ಮತ್ತೊಂದು ಏನೂ ಇಲ್ಲ. ನಾನು ಆರಿಸಿದ್ದ ಪ್ಲಾನ್‌ನಲ್ಲಿ ಇನ್ಹೇಲರ್ ಇರಲಿಲ್ಲ. ಅದೇ ದಿನ ಬ್ರೋಕರ್ ತೋರಿಸಿದ್ದ ಪಕ್ಕದ ಪ್ಲಾನ್‌ನಲ್ಲಿ ಇತ್ತು, ಪ್ರೀಮಿಯಂ ಸ್ವಲ್ಪವೇ ಜಾಸ್ತಿ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಎರಡು ಹೈ ಡಿಡಕ್ಟಬಲ್ ಪ್ಲಾನ್‌ಗಳ ನಡುವೆ ಆರಿಸುವುದಾದರೆ ಈ ಪ್ರಿವೆಂಟಿವ್ ಡ್ರಗ್ ಲಿಸ್ಟ್ ಎರಡರದ್ದೂ ತರಿಸಿ, ಪಕ್ಕಪಕ್ಕ ಇಟ್ಟು ಓದಿ. ಪ್ರೀಮಿಯಂ ಅಂಕಿಗಿಂತ ಅದೇ ಜಾಸ್ತಿ ಹೇಳುತ್ತದೆ.

ಖಾತೆ: ಎಚ್‌ಎಸ್‌ಎ, ಎಫ್‌ಎಸ್‌ಎ, ಎಚ್‌ಆರ್‌ಎ

ಅವತ್ತು ನನಗೆ ಮೊದಲು ತೋಚಿದ್ದು, 'ಬಿಲ್ ಕೊಡಿ, ನಾನೇ ಕೊಡ್ತೀನಿ' ಅನ್ನುವುದು. ಮನಸ್ಸು ಒಳ್ಳೆಯದೇ. ಆದರೆ ಕಾನೂನಿನಲ್ಲಿ ಅದು ಅಪಾಯ. ಸರಿಯಾದ ಪ್ಲಾನ್ ರೂಪಿಸದೆ ಸಿಬ್ಬಂದಿಯ ವೈದ್ಯಕೀಯ ಬಿಲ್‌ಗಳನ್ನು ಕಂಪನಿ ಸುಮ್ನೆ ಮರುಪಾವತಿ ಮಾಡಿದರೆ ಅದೇ ಒಂದು ಆರೋಗ್ಯ ಪ್ಲಾನ್ ಅನ್ನಿಸಿಕೊಂಡು, ನಿಯಮ ಮೀರಿದ್ದಕ್ಕೆ ಒಬ್ಬರಿಗೆ ದಿನಕ್ಕೆ 100 ಡಾಲರ್ ತನಕ ದಂಡದ ತೆರಿಗೆ ಬೀಳಬಹುದು. ಕೊಡುವುದಾದರೆ ಖಾತೆಯ ಮೂಲಕವೇ ಕೊಡಬೇಕು.

ಎಚ್‌ಎಸ್‌ಎ ಹೈ ಡಿಡಕ್ಟಬಲ್ ಪ್ಲಾನ್ ಜೊತೆ ಮಾತ್ರ. 2026ರ ಮಿತಿ ಒಬ್ಬರಿಗೆ 4,400, ಕುಟುಂಬಕ್ಕೆ 8,750 ಡಾಲರ್. ಕಂಪನಿ ಹಾಕುವುದೂ ಇದರೊಳಗೇ ಸೇರುತ್ತದೆ. ದುಡ್ಡು ಸಿಬ್ಬಂದಿಯದು, ಕೆಲಸ ಬಿಟ್ಟರೂ ಅವರ ಜೊತೆಗೇ ಹೋಗುತ್ತದೆ, ವರ್ಷ ಮುಗಿದರೂ ಉಳಿಯುತ್ತದೆ. ಒಳ್ಳೆಯ ಖಾತೆ. ಒಂದೇ ತೊಂದರೆ, ಖಾತೆಯಲ್ಲಿ ಎಷ್ಟು ಬಿದ್ದಿದೆಯೋ ಅಷ್ಟೇ ಖರ್ಚು ಮಾಡಬಹುದು. ಜನವರಿ ಎರಡನೇ ವಾರದಲ್ಲಿ ಹೊಸ ಖಾತೆಯಲ್ಲಿ ಏನಿರುತ್ತದೆ? ಏನೂ ಇರುವುದಿಲ್ಲ.

ಅದಕ್ಕೇ ಕಂಪನಿ ತನ್ನ ಪಾಲನ್ನು ತಿಂಗಳಿಗಿಷ್ಟು ಅಂತ ಹಂಚದೆ ಜನವರಿ ಮೊದಲ ಸಂಬಳದ ಜೊತೆಗೇ ಹಾಕಬೇಕು. ನಾವು ತಿಂಗಳಿಗೆ 50 ಡಾಲರ್ ಹಾಕುತ್ತಿದ್ದೆವು. ಈಗ ಅದೇ 600 ಡಾಲರ್ ಒಟ್ಟಿಗೆ ಜನವರಿಯಲ್ಲಿ ಹಾಕುತ್ತೇವೆ. ಕಂಪನಿಗೆ ವರ್ಷದ ಖರ್ಚು ಒಂದು ಸೆಂಟೂ ಏರಲಿಲ್ಲ. ಫೆಬ್ರವರಿಯಲ್ಲಿ ಯಾರಾದರೂ ಕೆಲಸ ಬಿಟ್ಟರೆ ಆ ದುಡ್ಡು ಹೋದಂತೆಯೇ, ನಿಜ. ಕಾಯಿಲೆ ಇರುವವರು ಜನವರಿಯಲ್ಲಿ ಔಷಧ ಬಿಡುವುದಕ್ಕಿಂತ ಅದು ವಾಸಿ.

ಎಫ್‌ಎಸ್‌ಎ ಬೇರೆ ಥರ. ವರ್ಷಕ್ಕೆ ಇಷ್ಟು ಅಂತ ಸಿಬ್ಬಂದಿ ಮೊದಲೇ ಹೇಳುತ್ತಾರೆ, ಸಂಬಳದಿಂದ ತೆರಿಗೆಗೆ ಮುಂಚೆ ಅದು ಕಂತಿನಲ್ಲಿ ಕಡಿತವಾಗುತ್ತದೆ. 2026ರ ಮಿತಿ 3,400 ಡಾಲರ್. ಇದರ ದೊಡ್ಡ ಗುಣ ಏನೆಂದರೆ, ಪೂರ್ತಿ ಮೊತ್ತ ಮೊದಲ ದಿನವೇ ಖರ್ಚಿಗೆ ಸಿಗುತ್ತದೆ. ಒಬ್ಬರು 1,200 ಡಾಲರ್ ಹೇಳಿದ್ದರೆ, ತಿಂಗಳಿಗೆ ಕಡಿತ ಆಗುವುದು 100. ಆದರೆ ಜನವರಿ ಎರಡನೇ ವಾರದಲ್ಲೇ 1,200 ಡಾಲರಿನ ಔಷಧವನ್ನೂ ಕೊಳ್ಳಬಹುದು. ನಮ್ಮ ಸಹೋದ್ಯೋಗಿಗೆ ಅವತ್ತು ಬೇಕಾಗಿದ್ದದ್ದು ಇದೇ. ಕಂಪನಿಗೂ ಲಾಭ ಇದೆ: ಆ ಮೊತ್ತದ ಮೇಲೆ 7.65% ಪೇರೋಲ್ ತೆರಿಗೆ ಸಾಮಾನ್ಯವಾಗಿ ಉಳಿಯುತ್ತದೆ. 1,200ಕ್ಕೆ 91 ಡಾಲರ್ 80 ಸೆಂಟ್. ಖಾತೆ ನಡೆಸಿಕೊಡುವವರ ಶುಲ್ಕಕ್ಕೆ ಅದೇ ಒಂದಿಷ್ಟು ಆಗುತ್ತದೆ.

ಕೆಡುಕು ಏನು? ವರ್ಷದೊಳಗೆ ಖರ್ಚಾಗದ ದುಡ್ಡು ಹೋಗುತ್ತದೆ. ಪ್ಲಾನ್ ಒಪ್ಪಿದ್ದರೆ 2026ರಿಂದ ಮುಂದಿನ ವರ್ಷಕ್ಕೆ 680 ಡಾಲರ್ ತನಕ ಸಾಗಿಸಬಹುದು. ದಿನಾ ಒಂದೇ ಮಾತ್ರೆ ತೆಗೆದುಕೊಳ್ಳುವವರಿಗೆ ವರ್ಷದ ಖರ್ಚು ಮೊದಲೇ ಗೊತ್ತಿರುತ್ತದೆ, ಹಾಗಾಗಿ ಅವರಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಎಚ್‌ಎಸ್‌ಎಗೆ ದುಡ್ಡು ಹಾಕುವವರು ಸಾಮಾನ್ಯ ಎಫ್‌ಎಸ್‌ಎ ಇಟ್ಟುಕೊಳ್ಳುವಂತಿಲ್ಲ. ಗಂಡನ ಅಥವಾ ಹೆಂಡತಿಯ ಕಂಪನಿಯಲ್ಲಿ ಅಂಥ ಎಫ್‌ಎಸ್‌ಎ ಇದ್ದರೂ ತೊಡಕು. ಇದನ್ನು ಹೇಳದೆ ಬಿಟ್ಟರೆ ತೆರಿಗೆ ಸಮಯದಲ್ಲಿ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಅಂದಹಾಗೆ ನಿಮ್ಮದು ಎಸ್ ಕಾರ್ಪೊರೇಷನ್ ಆಗಿದ್ದು, ನಿಮ್ಮ ಪಾಲು 2% ಮೀರಿದ್ದರೆ ನೀವೇ ಎಫ್‌ಎಸ್‌ಎಗೆ ಸೇರುವಂತಿಲ್ಲ. ನಿಮಗೆ ಸಿಗದು ಅಂತ ಸಿಬ್ಬಂದಿಗೆ ತಪ್ಪಿಸಬೇಡಿ.

ಕಂಪನಿಗೆ ಗುಂಪು ವಿಮೆಯೇ ಇಲ್ಲವಾ? 50ಕ್ಕಿಂತ ಕಡಿಮೆ ಪೂರ್ಣಾವಧಿ ಸಿಬ್ಬಂದಿ ಇದ್ದರೆ ಕ್ಯೂಸೆಹ್ರಾ (QSEHRA) ಅನ್ನುವ ಎಚ್‌ಆರ್‌ಎ, ಅಂದರೆ ಕಂಪನಿಯ ದುಡ್ಡಿನಿಂದ ಮರುಪಾವತಿ ಮಾಡುವ ವ್ಯವಸ್ಥೆ, 2017ರಿಂದ ಇದೆ. ಸಿಬ್ಬಂದಿ ತಾವೇ ಮಾಡಿಸಿದ ವಿಮೆಯ ಪ್ರೀಮಿಯಂ, ಔಷಧದ ಬಿಲ್ ಎರಡನ್ನೂ ಕಂಪನಿ ತೆರಿಗೆ ಇಲ್ಲದೆ ಮರುಪಾವತಿ ಮಾಡಬಹುದು. 2020ರಿಂದ ಇಕ್ರಾ (ICHRA) ಅನ್ನುವ ಇನ್ನೊಂದು ಎಚ್‌ಆರ್‌ಎಯೂ ಬಂದಿದೆ, ಅದಕ್ಕೆ ಕಂಪನಿಯ ಗಾತ್ರದ ಮಿತಿ ಇಲ್ಲ.

ವಿಮೆ ಬಿಟ್ಟು ಕೈಯಿಂದ ಕೊಡುವುದು

ಕೇಳಲು ವಿಚಿತ್ರ ಅನ್ನಿಸಬಹುದು. ಆದರೆ ಎಷ್ಟೋ ಜನರಿಕ್ ಮಾತ್ರೆಗಳು ವಿಮೆ ತೋರಿಸದೆ ಕೊಂಡರೇ ಅಗ್ಗ. ಅಮೆರಿಕದಲ್ಲಿ ಬರೆಯುವ ಪ್ರಿಸ್ಕ್ರಿಪ್ಶನ್‌ಗಳಲ್ಲಿ ಹತ್ತಕ್ಕೆ ಒಂಬತ್ತು ಜನರಿಕ್. ಹಾಗಾಗಿ ಈ ದಾರಿ ತುಂಬಾ ಜನಕ್ಕೆ ಕೆಲಸಕ್ಕೆ ಬರುತ್ತದೆ.

ವಾಲ್‌ಮಾರ್ಟ್ 2006ರಲ್ಲಿ 4 ಡಾಲರಿನ ಪಟ್ಟಿ ಶುರು ಮಾಡಿತು. ಪಟ್ಟಿಯಲ್ಲಿರುವ ಹಲವು ಮಾತ್ರೆಗಳು ತಿಂಗಳಿಗೆ 4 ಡಾಲರ್, ಮೂರು ತಿಂಗಳಿಗೆ 10. ಮೆಟ್‌ಫಾರ್ಮಿನ್, ಲಿಸಿನೊಪ್ರಿಲ್ ಥರದ ದಿನನಿತ್ಯದ ಮಾತ್ರೆಗಳಿಗೆ ಇದು ಎಷ್ಟೋ ಪ್ಲಾನ್‌ಗಳ ಕೋಪೇಗಿಂತ ಕಡಿಮೆ.

ಉದ್ಯಮಿ ಮಾರ್ಕ್ ಕ್ಯೂಬನ್ 2022ರ ಜನವರಿಯಲ್ಲಿ ತೆರೆದ ಕಾಸ್ಟ್ ಪ್ಲಸ್ ಡ್ರಗ್ಸ್ ಆನ್‌ಲೈನ್ ಫಾರ್ಮಸಿಯ ಲೆಕ್ಕ ಎಲ್ಲರಿಗೂ ಕಾಣುವಂತಿದೆ: ಕೊಂಡ ಬೆಲೆ, ಅದರ ಮೇಲೆ 15%, ಫಾರ್ಮಸಿ ಕೆಲಸಕ್ಕೆ 5 ಡಾಲರ್, ಅಂಚೆಗೆ 5 ಡಾಲರ್. ಒಂದು ಮಾತ್ರೆಯ ತಿಂಗಳ ಕೊಂಡ ಬೆಲೆ 6 ಡಾಲರ್ ಅಂತ ಇಟ್ಟುಕೊಳ್ಳಿ. ತಿಂಗಳಿಗೆ ತರಿಸಿದರೆ 16.90. ಮೂರು ತಿಂಗಳದ್ದು ಒಟ್ಟಿಗೆ ತರಿಸಿದರೆ 30.70. ಮೂರು ಸಲ ತರಿಸಿದ್ದರೆ 50.70 ಆಗುತ್ತಿತ್ತು. ಅಗ್ಗದ ಮಾತ್ರೆಗೆ ಇಲ್ಲಿ ಅಂಚೆ, ಕೂಲಿಯೇ ಜಾಸ್ತಿ, ಅದಕ್ಕೆ 4 ಡಾಲರ್ ಪಟ್ಟಿಯೇ ಮೇಲು. ದುಬಾರಿ ಜನರಿಕ್‌ಗೆ ಇದು ಮೇಲು. ಗುಡ್‌ಆರ್‌ಎಕ್ಸ್ ಥರದ ರಿಯಾಯಿತಿ ಕಾರ್ಡ್‌ಗಳಲ್ಲಿ ಒಂದೇ ಮಾತ್ರೆಯ ದರ ಬೀದಿಯ ಈ ಬದಿಗೂ ಆ ಬದಿಗೂ ಬೇರೆ ಇರುತ್ತದೆ, ಪ್ರತಿ ಸಲ ನೋಡಿಯೇ ಹೋಗಬೇಕು.

ಒಂದು ಎಚ್ಚರಿಕೆ. ವಿಮೆ ಬಿಟ್ಟು ಕೊಂಡ ದುಡ್ಡು ಸಾಮಾನ್ಯವಾಗಿ ಡಿಡಕ್ಟಬಲ್‌ಗೆ ಲೆಕ್ಕ ಸೇರುವುದಿಲ್ಲ. ಆ ವರ್ಷ ಆಪರೇಷನ್ ಇದೆ, ಹೇಗೂ ಡಿಡಕ್ಟಬಲ್ ಮುಗಿಯುತ್ತದೆ ಅನ್ನುವವರು ವಿಮೆಯಲ್ಲೇ ಕೊಳ್ಳುವುದು ಒಳ್ಳೆಯದು. ಎಚ್‌ಎಸ್‌ಎ, ಎಫ್‌ಎಸ್‌ಎ ಕಾರ್ಡ್ ಮಾತ್ರ ಎರಡೂ ಕಡೆ ನಡೆಯುತ್ತದೆ.

ಜನರಿಗೆ ಹೇಳಿಕೊಡಬೇಕಾದ ಒಂದು ವಾಕ್ಯ ಇದೆ: 'ವಿಮೆ ಇಲ್ಲದೆ ಕೊಂಡರೆ ಎಷ್ಟಾಗುತ್ತೆ?' ಹಿಂದೆ ಫಾರ್ಮಸಿಯವರು ಇದನ್ನು ಹೇಳದಂತೆ ಒಪ್ಪಂದಗಳಲ್ಲಿ ಬಾಯಿಗೆ ಬೀಗ ಇರುತ್ತಿತ್ತು. 2018ರ ಅಕ್ಟೋಬರ್‌ನಲ್ಲಿ ಕಾನೂನು ಬಂದು ಆ ಬೀಗ ತೆಗೆಯಿತು. ಈಗ ಕೇಳಿದರೆ ಹೇಳುತ್ತಾರೆ. ಆದರೆ ಕೇಳಬೇಕು, ಅಲ್ವಾ?

ದುಬಾರಿ ಬ್ರ್ಯಾಂಡ್ ಔಷಧಗಳು

ಇಲ್ಲಿ ಮೇಲಿನ ದಾರಿಗಳು ಸಾಲುವುದಿಲ್ಲ. ತಯಾರಕರ ಕೋಪೇ ಕಾರ್ಡ್ (ರೋಗಿ ಕೊಡಬೇಕಾದದ್ದರಲ್ಲಿ ಒಂದು ಪಾಲನ್ನು ತಯಾರಕರೇ ಭರಿಸುವ ಕಾರ್ಡ್) ಮೊದಲು ನೋಡಬೇಕಾದದ್ದು. ಆಸ್ಟ್ರಾಜೆನೆಕಾ, ಬೋರಿಂಗರ್ ಇಂಗಲ್‌ಹೈಮ್ 2024ರ ಜೂನ್‌ನಿಂದ, ಜಿಎಸ್‌ಕೆ 2025ರ ಜನವರಿಯಿಂದ ತಮ್ಮ ಇನ್ಹೇಲರ್‌ಗಳಿಗೆ ಅರ್ಹರು ಕೊಡಬೇಕಾದ ಮೊತ್ತವನ್ನು ತಿಂಗಳಿಗೆ 35 ಡಾಲರಿಗೆ ಕಟ್ಟಿಹಾಕಿವೆ. ಅಂದರೆ ಆ ಮಧ್ಯಾಹ್ನ ನಮ್ಮ ಸಹೋದ್ಯೋಗಿ ವಾಪಸ್ ಬಂದಾಗ ಈ ಸೌಲಭ್ಯ ಇತ್ತು. ಅವರಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮಾರನೇ ದಿನ ತಯಾರಕರ ಸೈಟ್‌ನಲ್ಲಿ ಹತ್ತು ನಿಮಿಷ ಕೂತು ಕಾರ್ಡ್ ತೆಗೆದೆವು, ಸಂಜೆ ಇನ್ಹೇಲರ್ ಕೈಗೆ ಬಂತು. ಇನ್ಸುಲಿನ್‌ಗೂ ತಯಾರಕರ ಇಂಥ ಮಿತಿಗಳಿವೆ. ಕೇಂದ್ರ ಸರ್ಕಾರದ ಕಾನೂನು ಹಾಕಿದ 35 ಡಾಲರ್ ಮಿತಿ ಮೆಡಿಕೇರ್‌ನವರಿಗೆ (ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ವಿಮೆ) ಮಾತ್ರ, ಕಂಪನಿ ವಿಮೆಗೆ ಅದು ತಾನಾಗಿ ಅನ್ವಯಿಸುವುದಿಲ್ಲ.

ಪ್ಲಾನ್ ಆರಿಸುವಾಗ ಕೋಪೇ ಅಕ್ಯುಮ್ಯುಲೇಟರ್ ಇದೆಯಾ ಅಂತ ಕೇಳಿ. ಇದ್ದರೆ ತಯಾರಕರ ಕಾರ್ಡಿನಿಂದ ಕಟ್ಟಿದ್ದು ಡಿಡಕ್ಟಬಲ್‌ಗೆ ಸೇರುವುದಿಲ್ಲ. ಕಾರ್ಡಿನ ದುಡ್ಡು ಮುಗಿದ ತಿಂಗಳು ಪೂರ್ತಿ ಬಿಲ್ ಒಮ್ಮೆಲೇ ತಲೆ ಮೇಲೆ ಬೀಳುತ್ತದೆ. ಹಲವು ರಾಜ್ಯಗಳು ತಮ್ಮ ಹಿಡಿತದ ಪ್ಲಾನ್‌ಗಳಲ್ಲಿ ಇದನ್ನು ತಡೆದಿವೆ. ಸೆಲ್ಫ್ ಫಂಡೆಡ್ ಕಂಪನಿಯಾದರೆ ಇದು ಬೇಡ ಅನ್ನುವುದು ಹೆಚ್ಚಾಗಿ ನಿಮ್ಮದೇ ಕೈಯಲ್ಲಿದೆ. ಬೇಡ ಅನ್ನಿ.

ಬಯೋಸಿಮಿಲರ್ (ಜೀವಕೋಶಗಳಿಂದ ತಯಾರಿಸುವ ದುಬಾರಿ ಔಷಧಕ್ಕೆ ಅದರಂತೆಯೇ ಕೆಲಸ ಮಾಡುವ ಬದಲಿ) ವಿಷಯ ಸೆಲ್ಫ್ ಫಂಡೆಡ್ ಕಂಪನಿಗಳಿಗೆ ಜಾಸ್ತಿ ಮುಖ್ಯ. ಸಂಧಿವಾತಕ್ಕೆ ಕೊಡುವ ಹ್ಯೂಮಿರಾಗೆ 2023ರಲ್ಲಿ ಅಗ್ಗದ ಬದಲಿಗಳು ಅಮೆರಿಕದ ಮಾರುಕಟ್ಟೆಗೆ ಬಂದವು. 2024ರ ಏಪ್ರಿಲ್‌ನಲ್ಲಿ ಸಿವಿಎಸ್ ಕೇರ್‌ಮಾರ್ಕ್ ವಿಮೆ ಸಿಗುವ ಔಷಧಗಳ ತನ್ನ ಮುಖ್ಯ ಪಟ್ಟಿಗಳಿಂದ ಹ್ಯೂಮಿರಾವನ್ನೇ ತೆಗೆಯಿತು. ಕಂಪನಿಗೆ ಉಳಿತಾಯ ದೊಡ್ಡದು. ಹಾಗಾದರೆ ಬದಲಾಯಿಸಿಕೊಂಡವರ ಕೋಪೇ ಸೊನ್ನೆ ಮಾಡಿ. ಉಳಿದದ್ದರಲ್ಲಿ ಅವರಿಗೂ ಪಾಲು ಬರಲಿ.

ಇನ್ನು 'ಆಲ್ಟರ್ನೇಟಿವ್ ಫಂಡಿಂಗ್' ಅಂತ ಮಾರಲು ಬರುವವರಿದ್ದಾರೆ. ದುಬಾರಿ ಔಷಧಗಳನ್ನು ಪ್ಲಾನ್‌ನಿಂದಲೇ ತೆಗೆದುಹಾಕಿ, ಸಿಬ್ಬಂದಿಯನ್ನು ತಯಾರಕರ ಧರ್ಮಾರ್ಥ ಯೋಜನೆಗೆ ಅರ್ಜಿ ಹಾಕಲು ಕಳಿಸುವುದು ಅವರ ದಾರಿ. ಅರ್ಜಿ ಒಪ್ಪಿಗೆ ಆಗುವ ತನಕ ರೋಗಿ ಕಾಯಬೇಕು. ಕಾಗದದ ಮೇಲೆ ಕಂಪನಿಗೆ ಭಾರಿ ಉಳಿತಾಯ ಕಾಣುತ್ತದೆ. ನಾನು ಇದನ್ನು ಯಾರಿಗೂ ಹೇಳುವುದಿಲ್ಲ.

ನೂರು ಜನ ಮೀರಿದ ಸೆಲ್ಫ್ ಫಂಡೆಡ್ ಕಂಪನಿ ನಿಮ್ಮದಾದರೆ

ಪಿಬಿಎಂ ಒಪ್ಪಂದವನ್ನೇ ಹಿಡಿಯಿರಿ. ಫಾರ್ಮಸಿಗೆ ಕೊಟ್ಟದ್ದಕ್ಕಿಂತ ಜಾಸ್ತಿ ನಿಮ್ಮಿಂದ ವಸೂಲಿ ಮಾಡುವ ಸ್ಪ್ರೆಡ್ ಪದ್ಧತಿ ಬಿಟ್ಟು, ಇದ್ದದ್ದು ಇದ್ದಂತೆ ದಾಟಿಸಿ ಶುಲ್ಕ ಮಾತ್ರ ಪಡೆಯುವ ಪಾಸ್ ಥ್ರೂ ಒಪ್ಪಂದ ಕೇಳಿ. ಲೆಕ್ಕ ತಪಾಸಣೆಯ ಹಕ್ಕು ಬರೆಸಿಕೊಳ್ಳಿ. 2021ರ ಕನ್ಸಾಲಿಡೇಟೆಡ್ ಅಪ್ರೋಪ್ರಿಯೇಷನ್ಸ್ ಆ್ಯಕ್ಟ್ ಪ್ರಕಾರ, ಬ್ರೋಕರ್ ನಿಮ್ಮ ಪ್ಲಾನ್ ಸಂಬಂಧ ಯಾರಿಂದಲೇ ಆಗಲಿ 1,000 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಪಡೆಯುವುದಿದ್ದರೆ ಅದನ್ನು ನಿಮಗೆ ಬರೆದು ತಿಳಿಸಬೇಕು. ಇದು ಸಣ್ಣ ಕಂಪನಿಗಳಿಗೂ ಅನ್ವಯ. ಆ ಕಾಗದ ಕೇಳಿ ತೆಗೆದುಕೊಳ್ಳಿ.

ಹಾಗಾದರೆ ಯಾರಿಗೆ ಯಾವುದು?

ಸಣ್ಣ ಕಂಪನಿ, ಹೆಚ್ಚಿನವರಿಗೆ ಬಿಪಿ, ಶುಗರ್, ಥೈರಾಯ್ಡ್‌ನ ಜನರಿಕ್ ಮಾತ್ರೆಗಳು: ಪ್ರಿವೆಂಟಿವ್ ಪಟ್ಟಿ ಚೆನ್ನಾಗಿರುವ ಹೈ ಡಿಡಕ್ಟಬಲ್ ಪ್ಲಾನ್, ಜನವರಿಯಲ್ಲೇ ತುಂಬಿಸಿದ ಎಚ್‌ಎಸ್‌ಎ, ಜೊತೆಗೆ 4 ಡಾಲರ್ ಪಟ್ಟಿಯ ಮಾಹಿತಿ. ಬ್ರ್ಯಾಂಡ್ ಔಷಧ ಬೇಕಾದವರು ಒಂದಿಬ್ಬರಾದರೂ ಇರಬಹುದು ಅನ್ನಿಸಿದರೆ: ಕೋಪೇ ಪ್ಲಾನ್ ಮತ್ತು ಎಫ್‌ಎಸ್‌ಎ, ಪ್ರೀಮಿಯಂ ಸ್ವಲ್ಪ ಜಾಸ್ತಿ ಆದರೂ. ಸಾಧ್ಯವಿದ್ದರೆ ಎರಡೂ ಪ್ಲಾನ್ ಇಟ್ಟು ಜನರೇ ಆರಿಸಲಿ. ಹತ್ತಿಪ್ಪತ್ತು ಜನರ ಕಂಪನಿಗೂ ಎಷ್ಟೋ ಕಡೆ ಎರಡು ಪ್ಲಾನ್ ಕೊಡುತ್ತಾರೆ, ನಾವು ಕೇಳುವುದಿಲ್ಲ ಅಷ್ಟೇ.

ಇದನ್ನೆಲ್ಲ ತಿಳಿಯಲು 'ನೀವು ಯಾವ ಔಷಧ ತಗೊಳ್ತೀರಿ' ಅಂತ ಸಿಬ್ಬಂದಿಯನ್ನು ಕೇಳಲೇಬೇಡಿ. ಅದು ಅವರ ಖಾಸಗಿ ವಿಷಯ, ಕಾನೂನಿನ ತೊಡಕೂ ಇದೆ. ನಾವು ಒಂದು ಖಾಲಿ ಹಾಳೆ ಕೊಡುತ್ತೇವೆ. ಔಷಧದ ಹೆಸರು, ಈ ಪ್ಲಾನ್‌ನಲ್ಲಿ ಎಷ್ಟು, ಆ ಪ್ಲಾನ್‌ನಲ್ಲಿ ಎಷ್ಟು, ವಿಮೆ ಇಲ್ಲದೆ ಎಷ್ಟು, ತಯಾರಕರ ಕಾರ್ಡ್ ಇದೆಯಾ, ಹೀಗೆ ಐದು ಕಾಲಂ. ಅವರು ಮನೆಯಲ್ಲಿ ತುಂಬಿಕೊಳ್ಳುತ್ತಾರೆ, ನಮಗೆ ವಾಪಸ್ ಕೊಡುವುದಿಲ್ಲ. ನಾನು ಕೇಳುವುದು 'ನಿಮಗೆ ಯಾವ ಪ್ಲಾನ್ ವಾಸಿ' ಅಂತ ಮಾತ್ರ. ಉತ್ತರವನ್ನು ಹೆಸರಿಲ್ಲದ ಚೀಟಿಯಲ್ಲಿ ಡಬ್ಬಿಗೆ ಹಾಕುತ್ತಾರೆ.

ಜನವರಿಯಿಂದ ಶುರುವಾಗುವ ಪ್ಲಾನ್ ಆದರೆ ಬ್ರೋಕರ್‌ಗೆ ಆಗಸ್ಟ್‌ನಲ್ಲೇ ಫೋನ್ ಮಾಡಿ, ಎರಡು ಮೂರು ಪ್ಲಾನ್‌ಗಳ ಔಷಧ ಪಟ್ಟಿ, ಪ್ರಿವೆಂಟಿವ್ ಪಟ್ಟಿ ತರಿಸಿ. ನವೆಂಬರ್‌ನಲ್ಲಿ ಕೇಳಿದರೆ ಪ್ರೀಮಿಯಂ ಹಾಳೆ ಒಂದನ್ನೇ ನೋಡಿ ಸಹಿ ಹಾಕುವಷ್ಟು ಹೊತ್ತು ಮಾತ್ರ ಇರುತ್ತದೆ. ನಾನು ಆ ವರ್ಷ ಹಾಕಿದ್ದು ಹಾಗೆಯೇ.